ಗುಮ್ಮಟ ಇರಲಿ, ಬೀಗದ ಕೈ ಯಾರ ಹತ್ತಿರ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಎರಡು ವರ್ಷದಿಂದ ನಾವು ಹದಿನೈದು ಜನ ಸೇರಿ ಒಂದು ಖಗೋಳ ಸಂಘ ನಡೆಸುತ್ತಿದ್ದೇವೆ. ಇರುವುದು ಒಂದು ಐದಿಂಚಿನ (ಬೆಳಕು ಹಿಡಿಯುವ ಬಾಯಿಯ ಅಗಲ) ಟೆಲಿಸ್ಕೋಪ್. ಈಗ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬರು ಆರು ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಶಾಲೆಯ ತಾರಸಿ ಮೇಲೆ ಗುಮ್ಮಟ ಕಟ್ಟಿ, ದೊಡ್ಡ ಟೆಲಿಸ್ಕೋಪ್ ಇಟ್ಟು, ಸುತ್ತಲಿನ ಊರಿನವರಿಗೆಲ್ಲ ಆಕಾಶ ತೋರಿಸಬೇಕು ಅಂತ ಆಸೆ. ಎಷ್ಟು ಇಂಚಿನದು ತಗೊಳ್ಳಬೇಕು? ಗುಮ್ಮಟ ಫೈಬರ್‌ದಾ, ತಗಡಿನದಾ? ನಮ್ಮ ಮಳೆಗಾಲಕ್ಕೆ ಏನು ಮಾಡಬೇಕು? ಟಿಕೆಟ್ ಇಡಬಹುದಾ?

ಉತ್ತರ:

ಮೇಷ್ಟ್ರೇ, ಮೊದಲು ನಿಮಗೇ ಒಂದು ಪ್ರಶ್ನೆ. ಮುಂದಿನ ಜನವರಿಯ ಒಂದು ಶನಿವಾರ ಸಂಜೆ ನಿಮಗೆ ಜ್ವರ ಬಂದಿದೆ ಅಂದುಕೊಳ್ಳಿ. ಅವತ್ತು ಬಾಗಿಲು ತೆಗೆಯೋರು ಯಾರು? ಟೆಲಿಸ್ಕೋಪ್ ಜೋಡಿಸಿ ಗುರು ಗ್ರಹ ಹುಡುಕಿ ಕೊಡೋರು ಯಾರು? ಹತ್ತು ಕಿಲೋಮೀಟರ್ ದೂರದಿಂದ ಮಕ್ಕಳನ್ನು ಕರ್ಕೊಂಡು ಬಂದವರಿಗೆ ಮಾತಾಡಿಸೋರು ಯಾರು? ಇದಕ್ಕೆ ಕನಿಷ್ಠ ಮೂರು ಹೆಸರು ಥಟ್ಟನೆ ಹೇಳೋಕೆ ಬಂದರೆ ನಿಮಗೆ ವೀಕ್ಷಣಾಲಯ ಕಟ್ಟೋ ಯೋಗ್ಯತೆ ಇದೆ. ಬರಲಿಲ್ಲ ಅಂದ್ರೆ ಆರು ಲಕ್ಷವನ್ನು ಸದ್ಯಕ್ಕೆ ಬ್ಯಾಂಕಿನಲ್ಲೇ ಇಡಿ.

ಇದನ್ನು ಹೆದರಿಸೋಕೆ ಹೇಳ್ತಿಲ್ಲ. ತುಕ್ಕು ಹಿಡಿದು ನಿಂತ ಗುಮ್ಮಟಗಳನ್ನು ಸಾಕಷ್ಟು ನೋಡಿದ್ದೇನೆ. ಒಳಗೆ ಟೆಲಿಸ್ಕೋಪ್ ಇರುತ್ತೆ, ಉದ್ಘಾಟನೆಯ ಕಲ್ಲು ಇರುತ್ತೆ. ಬೀಗದ ಕೈ ಇದ್ದವರು ವರ್ಗವಾಗಿ ಹೋಗಿರುತ್ತಾರೆ. ಹಣ ಇಲ್ಲದೆ ನಿಂತದ್ದಕ್ಕಿಂತ ಆಳಿಲ್ಲದೆ ನಿಂತದ್ದೇ ಜಾಸ್ತಿ.

ಹವ್ಯಾಸಿಗಳು ಕಟ್ಟಿದ ವೀಕ್ಷಣಾಲಯ ಅಂದ್ರೆ ಜಗತ್ತಿನಲ್ಲಿ ಎಲ್ಲರೂ ಮೊದಲು ಹೇಳೋ ಹೆಸರುಗಳಲ್ಲಿ ಒಂದು ಸ್ಟೆಲಫೇನ್. ಅಮೆರಿಕದ ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಅನ್ನೋ ಸಣ್ಣ ಊರಿನ ಹತ್ತಿರ, ಒಂದು ಗುಡ್ಡದ ಮೇಲಿದೆ. ಅದು ಶುರುವಾದ ಕ್ರಮ ನೋಡಿ. 1920ರಲ್ಲಿ ರಸೆಲ್ ಪೋರ್ಟರ್ ಅನ್ನುವವರು ಅಲ್ಲಿನ ಯಂತ್ರ ತಯಾರಿಸೋ ಕಾರ್ಖಾನೆಯ ಕೆಲಸಗಾರರಿಗೆ ಟೆಲಿಸ್ಕೋಪ್ ಕನ್ನಡಿ ಉಜ್ಜೋದನ್ನು ಕಲಿಸೋಕೆ ಶುರು ಮಾಡಿದರು. ತರಗತಿಗೆ ಬಂದವರು ಹದಿನೈದು ಗಂಡಸರು, ಒಬ್ಬ ಹೆಂಗಸು. ಅಂದ್ರೆ ಹೆಚ್ಚುಕಮ್ಮಿ ನಿಮ್ಮಷ್ಟೇ ಜನ. ಸಂಘ ಹುಟ್ಟಿದ್ದು 1923ರಲ್ಲಿ, ಸಂಘದ ಮನೆ ಎದ್ದದ್ದು ಮರುವರ್ಷ. ಈಗ ಎಲ್ಲರೂ ಫೋಟೋ ಹೊಡೆಯೋ ಅಲ್ಲಿನ ಹನ್ನೆರಡು ಇಂಚಿನ ಟರೆಟ್ (ತಿರುಗೋ ಗೋಪುರದ) ಟೆಲಿಸ್ಕೋಪ್ ಬಂದದ್ದು 1930ರಲ್ಲಿ. ಮೊದಲು ಕೈಗಳು ಪಳಗಿದವು, ಕಟ್ಟಡ ಆಮೇಲೆ ಬಂತು.

ಆ ಟರೆಟ್‌ನಲ್ಲಿ ನಿಮಗೆ ಇನ್ನೊಂದು ಪಾಠ ಇದೆ. ವರ್ಮಾಂಟ್‌ನ ಚಳಿಗಾಲದಲ್ಲಿ ಹೊರಗೆ ನಿಂತು ನೋಡೋದು ಹಿಂಸೆ. ಅದಕ್ಕೇ ಪೋರ್ಟರ್ ನೋಡುವವರು ಒಳಗೆ ಬೆಚ್ಚಗೆ ಕೂರುವ ಹಾಗೆ, ಟೆಲಿಸ್ಕೋಪ್ ಮಾತ್ರ ಹೊರಗಿನ ಚಳಿಯಲ್ಲಿ ಇರುವ ಹಾಗೆ ಮಾಡಿದರು. ಅವರ ಊರಿನ ಶತ್ರು ಚಳಿ, ಕಟ್ಟಡ ಅದಕ್ಕೆ ಉತ್ತರ. ನಿಮ್ಮ ಊರಿನ ಶತ್ರು ಮಳೆ ಮತ್ತು ಬೂಷ್ಟು. ನಿಮ್ಮ ಕಟ್ಟಡ ಉತ್ತರ ಕೊಡಬೇಕಾದ್ದು ಅವಕ್ಕೆ. ಗುಮ್ಮಟ ಆ ಉತ್ತರ ಅಲ್ಲ.

ಯಾಕೆ ಅಂತ ಹೇಳ್ತೇನೆ. ಮೂರು ಮೀಟರ್ ಅಗಲದ ಗುಮ್ಮಟದಲ್ಲಿ ಟೆಲಿಸ್ಕೋಪ್ ಇಟ್ಟ ಮೇಲೆ ಐದಾರು ಜನ ನಿಂತರೆ ಉಸಿರುಗಟ್ಟುತ್ತೆ. ಒಳಗಿದ್ದವರಿಗೆ ಕಾಣೋದು ಸೀಳಿನಷ್ಟು ಆಕಾಶ. ಹೊರಗೆ ಸಾಲಿನಲ್ಲಿ ನಿಂತವರಿಗೆ ಒಳಗೆ ಏನಾಗ್ತಿದೆ ಅಂತಲೇ ಗೊತ್ತಾಗಲ್ಲ. ಗುಮ್ಮಟ ಸುತ್ತಬೇಕು, ಸೀಳು ತೆರೆಯಬೇಕು, ಎರಡು ಕಡೆಯೂ ನೀರು ಸೋರಬಾರದು. ಮಲೆನಾಡಿನ ಅಡ್ಡಮಳೆಗೆ ಸೋರದ ಗುಮ್ಮಟ ಮಾಡಿಸೋಕೆ ನಿಮ್ಮ ಆರು ಲಕ್ಷದಲ್ಲಿ ದೊಡ್ಡ ಪಾಲು ಅಲ್ಲೇ ಕರಗುತ್ತೆ. ಒಬ್ಬಿಬ್ಬರೇ ಕೂತು ರಾತ್ರಿಯಿಡೀ ಫೋಟೋ ತೆಗೆಯೋರಿಗೆ ಗುಮ್ಮಟ ಸರಿ, ಗಾಳಿ ತಡೆಯುತ್ತೆ. ನಿಮ್ಮದು ಜನಕ್ಕೆ ತೋರಿಸೋ ಕೆಲಸ. ನಿಮಗೆ ಬೇಕಾದ್ದು ಜರುಗುವ ಮಾಡು.

ನಾಲ್ಕು ಗೋಡೆ, ಮೇಲೆ ಹಳಿಯ ಮೇಲೆ ಪಕ್ಕಕ್ಕೆ ಸರಿಯುವ ತಗಡಿನ ಮಾಡು. ಅಷ್ಟೇ. ಗೋಡೆಗೆ ನಿಮ್ಮ ಕಡೆಯ ಚಿರೆಕಲ್ಲು ಸಾಕು, ಎತ್ತರ ಎದೆಮಟ್ಟ ಇದ್ದರೆ ಸಾಕು. ಮಾಡಿಗೆ ಕಬ್ಬಿಣದ ಆಂಗಲ್‌ನ ಚೌಕಟ್ಟು. ಸರಿಯೋಕೆ ದೊಡ್ಡ ಗೇಟುಗಳಿಗೆ ಹಾಕ್ತಾರಲ್ಲ, ನಡುವೆ ಕಚ್ಚು ಇರೋ ಚಕ್ರ, ಅವೇ ಸಾಕು. ಊರಿನ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡ್ತಾರೆ, ಕೆಟ್ಟರೆ ಅವರೇ ರಿಪೇರಿ ಮಾಡ್ತಾರೆ. ಇದು ಸಣ್ಣ ಮಾತಲ್ಲ. ದೂರದ ಊರಿನಿಂದ ತರಿಸಿದ ಗುಮ್ಮಟದ ಮೋಟರ್ ಕೆಟ್ಟರೆ ಅದಕ್ಕೆ ಬರೋರು ಯಾರು? ಒಂದು ಎಚ್ಚರ: ಮುಚ್ಚಿದಾಗ ಮಾಡನ್ನು ನಾಲ್ಕೂ ಮೂಲೆಯಲ್ಲಿ ಕೊಕ್ಕೆ ಹಾಕಿ ಗೋಡೆಗೆ ಬಿಗಿಯಬೇಕು. ಜುಲೈ ಗಾಳಿ ತಗಡನ್ನು ಕೆಳಗಿನಿಂದ ಎತ್ತುತ್ತೆ. ಮಾಡಿನ ಅಂಚು ಗೋಡೆಗಿಂತ ಒಂದೂವರೆ ಅಡಿಯಾದರೂ ಹೊರಗೆ ಚಾಚಿರಲಿ.

ಮಾಡು ಯಾವ ದಿಕ್ಕಿಗೆ ಸರಿಯಬೇಕು? ಹೊರದೇಶದ ಪುಸ್ತಕಗಳಲ್ಲಿ ಉತ್ತರಕ್ಕೆ ಅಂತ ಇರುತ್ತೆ. ಅವರ ಊರಿಗೆ ಅದು ಸರಿ, ನಿಮಗೆ ಆ ನಿಯಮ ಬೇಡ. ನೀವಿರೋದು ಸುಮಾರು 14.6 ಡಿಗ್ರಿ ಅಕ್ಷಾಂಶದಲ್ಲಿ. ಉತ್ತರ, ದಕ್ಷಿಣ ಎರಡೂ ಕಡೆ ನಿಮಗೆ ತುಂಬಾ ಆಕಾಶ ಸಿಗುತ್ತೆ. ಪೇಟೆಯ ದೀಪ ಯಾವ ಕಡೆ ಇದೆ, ತೆಂಗು ಅಡಿಕೆ ಮರ ಯಾವ ಕಡೆ ಅಡ್ಡ ಇದೆ ನೋಡಿ, ಆ ಕಡೆಗೆ ಸರಿಸಿ. ಹೇಗಿದ್ದರೂ ಆ ಕಡೆ ಹಾಳಾಗಿದೆ ಅಲ್ವಾ? ದಕ್ಷಿಣವನ್ನು ಮಾತ್ರ ಉಳಿಸಿಕೊಳ್ಳಿ. ಫೆಬ್ರವರಿ ಸಂಜೆ ಅಗಸ್ತ್ಯ ನಕ್ಷತ್ರ ನಿಮ್ಮಲ್ಲಿ 22 ಡಿಗ್ರಿ ಮೇಲೇರುತ್ತೆ. ಮೇ ತಿಂಗಳಲ್ಲಿ ತ್ರಿಶಂಕು ದಿಗಂತದ ಮೇಲೆ ನಿಲ್ಲುತ್ತೆ. ಅದರ ಮೇಲೆ ಒಮೆಗಾ ಸೆಂಟಾರಿ ಅನ್ನೋ ನಕ್ಷತ್ರಗಳ ಗುಚ್ಛ, 28 ಡಿಗ್ರಿ ಎತ್ತರದಲ್ಲಿ. ಸ್ಟೆಲಫೇನ್‌ನವರಿಗೆ ಇದ್ಯಾವುದೂ ಅವರ ಗುಡ್ಡದಿಂದ ಕಾಣಲ್ಲ.

ತಾರಸಿ ಬೇಡವೇ ಬೇಡ. ಎರಡು ಕಾರಣ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಬಿಸಿ ಬಿಡ್ತಾ ಇರುತ್ತೆ. ಆ ಗಾಳಿಯ ಮೂಲಕ ನೋಡಿದರೆ ಗುರುವಿನ ಪಟ್ಟೆಗಳು ಕುದಿಯೋ ನೀರಿನ ತಳದಲ್ಲಿದ್ದ ಹಾಗೆ ಕದಡಿ ಕಾಣುತ್ತವೆ. ಎರಡನೆಯದು ನಡುಕ. 120 ಪಟ್ಟು ದೊಡ್ಡದು ಮಾಡಿ ನೋಡುವಾಗ ತಾರಸಿಯ ಆ ತುದಿಯಲ್ಲಿ ಒಬ್ಬ ಹುಡುಗ ಓಡಿದರೆ ಸಾಕು, ಶನಿ ಗ್ರಹ ಕುಣಿಯುತ್ತೆ. ಮೈದಾನದ ಒಂದು ಮೂಲೆ ಕೇಳಿ. ನೆಲದಲ್ಲಿ ಟೆಲಿಸ್ಕೋಪ್ ನಿಲ್ಲಿಸೋ ಕಂಬಕ್ಕೆ ಬೇರೆ ಅಡಿಪಾಯ, ಜನ ನಿಲ್ಲೋ ನೆಲಕ್ಕೆ ಬೇರೆ. ಎರಡರ ನಡುವೆ ಎರಡು ಬೆರಳು ಸಂದು ಬಿಟ್ಟು ಥರ್ಮಕೋಲ್ ತುಂಬಿಸಿ. ನೆಲ ಎಷ್ಟು ನಡುಗಿದರೂ ಕಂಬಕ್ಕೆ ತಾಗಲ್ಲ. ಇನ್ನೊಂದು ಲಾಭ, ಮೆಟ್ಟಿಲು ಹತ್ತಲಾಗದ ಅಜ್ಜ ಅಜ್ಜಿಯರೂ ಬರಬಹುದು.

ಇನ್ನು ಟೆಲಿಸ್ಕೋಪ್. ಆರು ಲಕ್ಷ ಕೈಯಲ್ಲಿದ್ದಾಗ ಹನ್ನೆರಡು, ಹದಿನಾಲ್ಕು ಇಂಚು ಅಂತ ಮನಸ್ಸು ಓಡೋದು ಸಹಜ. ನನ್ನ ಸಲಹೆ ಎಂಟು ಇಂಚು, ಆದರೆ ಎರಡು.

ಮೊದಲನೆಯದು ಈ ವರ್ಷವೇ ತಗೊಳ್ಳಿ: ಎಂಟಿಂಚಿನ ಡಾಬ್ಸೋನಿಯನ್. ಕೊಳವೆ, ಒಳಗೆ ಎರಡು ಕನ್ನಡಿ, ಕೆಳಗೆ ತಿರುಗೋ ಮರದ ಪೆಟ್ಟಿಗೆ. ಮೋಟರ್ ಇಲ್ಲ, ಕರೆಂಟ್ ಬೇಡ. ಈ ವಿನ್ಯಾಸಕ್ಕೆ ಹೆಸರು ಬಂದದ್ದು ಜಾನ್ ಡಾಬ್ಸನ್ ಅವರಿಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮದಲ್ಲಿ ಸನ್ಯಾಸಿಯಾಗಿದ್ದವರು. ಬಿಸಾಡಿದ ಗಾಜು ಉಜ್ಜಿ ಕನ್ನಡಿ ಮಾಡ್ತಿದ್ದರು. ಆಶ್ರಮ ಬಿಟ್ಟ ಮೇಲೆ, 1968ರಲ್ಲಿ, ಫುಟ್‌ಪಾತ್ ಮೇಲೆ ಟೆಲಿಸ್ಕೋಪ್ ಇಟ್ಟು ಹೋಗಿ ಬರೋರಿಗೆಲ್ಲ ಚಂದ್ರನನ್ನು ತೋರಿಸೋ ಒಂದು ಗುಂಪೇ ಕಟ್ಟಿದರು. ಜನಕ್ಕೆ ತೋರಿಸೋಕೆಂದೇ ಹುಟ್ಟಿದ ಟೆಲಿಸ್ಕೋಪ್ ಇದು. ಎಂಟಿಂಚು ಅಂದ್ರೆ ನಮ್ಮ ಕಣ್ಣಿಗಿಂತ ಸುಮಾರು 800 ಪಟ್ಟು ಬೆಳಕು ಹಿಡಿಯುತ್ತೆ. ಶನಿಯ ಉಂಗುರ, ಗುರುವಿನ ಪಟ್ಟೆ, ಮೃಗಶಿರದ ನೀಹಾರಿಕೆ, ಎಲ್ಲಾ ಚೆನ್ನಾಗಿ ಸಿಗುತ್ತೆ. ಇಬ್ಬರು ಎತ್ತಿ ಜೀಪಿಗೆ ಹಾಕಿ ಯಾವ ಹಳ್ಳಿ ಶಾಲೆಗೂ ಒಯ್ಯಬಹುದು.

ಎರಡನೆಯದು ಮಾಡು ಎದ್ದ ಮೇಲೆ: ಗ್ರಹದ ಜೊತೆ ತಾನೇ ಸರಿಯೋ, ಮೋಟರ್ ಇರೋ ಎಂಟಿಂಚಿನ ಸ್ಮಿಟ್ ಕ್ಯಾಸೆಗ್ರೇನ್ (ಮುಂದೆ ಗಾಜು, ಒಳಗೆ ಕನ್ನಡಿ ಇರೋ ಗಿಡ್ಡ ಕೊಳವೆಯ ಟೆಲಿಸ್ಕೋಪ್). ಯಾಕೆ ಅಂದ್ರೆ ಸಾಲು. ಡಾಬ್ಸೋನಿಯನ್‌ನಲ್ಲಿ 120 ಪಟ್ಟು ದೊಡ್ಡದು ಮಾಡಿದಾಗ ಸಾಮಾನ್ಯ ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡೋ ಲೆನ್ಸ್) ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೂರು ಸೆಕೆಂಡಿನಲ್ಲಿ ಓಡಿ ಹೋಗುತ್ತೆ. ಅಂದ್ರೆ ಇಬ್ಬರು ನೋಡುವಷ್ಟರಲ್ಲಿ ಮತ್ತೆ ಸರಿ ಮಾಡಬೇಕು. ಎಂಬತ್ತು ಜನ ಬಂದ ರಾತ್ರಿ ಇದು ಬೆನ್ನು ಮುರಿಯೋ ಕೆಲಸ.

ಇಲ್ಲಿ ಅಂಗಡಿಯವರು ನಿಮಗೆ ಇಕ್ವಟೋರಿಯಲ್ ಮೌಂಟ್ ತಗೊಳ್ಳಿ ಅಂತಾರೆ. ಮೌಂಟ್ ಅಂದ್ರೆ ಟೆಲಿಸ್ಕೋಪ್ ಹೊತ್ತು ತಿರುಗಿಸೋ ಸ್ಟ್ಯಾಂಡು. ಬೇಡ ಅನ್ನಿ. ಆ ಮೌಂಟಿನ ಒಂದು ಅಕ್ಷ ಧ್ರುವ ನಕ್ಷತ್ರದ ಕಡೆ ತಿರುಗಿರಬೇಕು. ನಿಮ್ಮ ಊರಿನಲ್ಲಿ ಧ್ರುವ ದಿಗಂತದಿಂದ ಬರೀ ಹದಿನಾಲ್ಕೂವರೆ ಡಿಗ್ರಿ ಮೇಲೆ, ಕೈ ಚಾಚಿ ಹಿಡಿದ ಮುಷ್ಟಿಯ ಒಂದೂವರೆ ಪಟ್ಟು ಎತ್ತರ. ಮರ ಅಡ್ಡ ಬಂದರೆ ಮುಗೀತು, ಕಾಣೋದೇ ಇಲ್ಲ. ಅಕ್ಷವೂ ಹೆಚ್ಚುಕಮ್ಮಿ ಮಲಗಿದ ಹಾಗೇ ಇರುತ್ತೆ. ಎಷ್ಟೋ ಮೌಂಟುಗಳನ್ನು ಅಷ್ಟು ಕೆಳಗೆ ಬಾಗಿಸೋಕೇ ಆಗಲ್ಲ, ಬಾಗಿದರೂ ತೂಕದ ಗುಂಡು ಹೋಗಿ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತೆ. ಇವೆಲ್ಲ ನಲವತ್ತು ಐವತ್ತು ಡಿಗ್ರಿ ಅಕ್ಷಾಂಶದವರಿಗಾಗಿ ಮಾಡಿದ ಸಾಮಾನು. ಎಡಬಲ, ಮೇಲೆಕೆಳಗೆ ತಿರುಗೋ ಮೋಟರ್ ಮೌಂಟ್ ಸಾಕು. ಗಂಟೆಗಟ್ಟಲೆ ಫೋಟೋ ತೆಗೆಯೋಕೆ ಅದು ಆಗಲ್ಲ, ನಿಮಗೆ ಅದು ಬೇಕಾಗಿಯೂ ಇಲ್ಲ. ಐಪೀಸ್ ಯಾವಾಗಲೂ ಒಂದೇ ಎತ್ತರದ ಸುತ್ತ ಇರುತ್ತೆ ಅನ್ನೋದು ದೊಡ್ಡ ಅನುಕೂಲ.

ಮಳೆಗಾಲದ ಪ್ರಶ್ನೆಗೆ ಬರೋಣ, ಇದೇ ನಿಮ್ಮ ನಿಜವಾದ ಪ್ರಶ್ನೆ. ಮೇ ಕೊನೆಗೆ ಟೆಲಿಸ್ಕೋಪ್ ವೀಕ್ಷಣಾಲಯದಿಂದ ಹೊರಗೆ ಬರಬೇಕು. ಅಕ್ಟೋಬರ್‌ವರೆಗೆ ಅಲ್ಲಿ ಬರೀ ಕಂಬ ಇರಲಿ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಲೆನ್ಸ್ ಬಿಡುತ್ತಾ? ಗಾಜಿನ ಮೇಲೆ ಬೂಷ್ಟು ಜೇಡನ ಬಲೆಯ ಹಾಗೆ ಹಬ್ಬುತ್ತೆ. ಒಮ್ಮೆ ಲೇಪನ ತಿಂದರೆ ಒರೆಸಿದರೂ ಗುರುತು ಹೋಗಲ್ಲ. ಶಾಲೆಯಲ್ಲಿ ಬಾಗಿಲು ಬಿಗಿಯಾಗಿ ಮುಚ್ಚೋ ಒಂದು ಮರದ ಕಪಾಟು ಕೇಳಿ. ಕೆಳಗಿನ ಖಾನೆಯಲ್ಲಿ ಝೀರೋ ವಾಟ್ ಬಲ್ಬ್ ಹಾಕಿ, ಬಾಗಿಲ ಮೇಲ್ತುದಿಯಲ್ಲಿ ಸಣ್ಣ ರಂಧ್ರ ಇರಲಿ. ತಂತಿ ಕಾಯೋ ಹಳೆ ಬಲ್ಬೇ ಆಗಬೇಕು, ಎಲ್‌ಇಡಿ ಆದರೆ ಬಿಸಿಯೇ ಆಗಲ್ಲ. ಬಲ್ಬಿಗೆ ತಾಗುವಷ್ಟು ಹತ್ತಿರ ಏನೂ ಇಡಬೇಡಿ. ಒಳಗೆ ತೇವಾಂಶ ಅಳೆಯೋ ಸಣ್ಣ ಮೀಟರ್ ಇಡಿ, ಶೇಕಡಾ ಐವತ್ತರ ಕೆಳಗಿದ್ದರೆ ನೆಮ್ಮದಿ. ಐಪೀಸುಗಳಿಗೆ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಬಳಸಬಹುದು. ಅಡುಗೆಯ ಬಾಣಲೆ ಅಲ್ಲ, ಬೇರೆಯದು.

ಡಿಸೆಂಬರ್ ಇಬ್ಬನಿಯೂ ಕಮ್ಮಿ ಅಲ್ಲ. ರಾತ್ರಿ ಒಂಬತ್ತರ ಮೇಲೆ ಸ್ಮಿಟ್ ಕ್ಯಾಸೆಗ್ರೇನ್‌ನ ಮುಂದಿನ ಗಾಜು ಮಂಜಾಗುತ್ತೆ. ಬಟ್ಟೆಯಲ್ಲಿ ಒರೆಸಬೇಡಿ. ಮುಂದಕ್ಕೆ ಒಂದಡಿ ಚಾಚೋ ಹಾಗೆ ಕಪ್ಪು ಫೋಮ್ ಶೀಟ್ ಸುತ್ತಿ, ಬಹಳಷ್ಟು ತಡೆಯುತ್ತೆ. ಕೆಲಸ ಮುಗಿದಾಗ ಗಾಜು ಒದ್ದೆ ಇದ್ದರೆ ಮುಚ್ಚಳ ಹಾಕಿಡಬೇಡಿ. ರೂಮಿಗೆ ತಂದು ಒಣಗಿದ ಮೇಲೆ ಮುಚ್ಚಿ. ಇದೊಂದನ್ನು ಗೋಡೆ ಮೇಲೆ ಬರೆದು ಹಾಕಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಘ ನಿದ್ದೆ ಮಾಡಬೇಕು ಅಂತಲ್ಲ. ನಿಮ್ಮ ಬಾಗಿಲು ತೆಗೆಯೋ ಆಳುಗಳು ತಯಾರಾಗಬೇಕಾದ್ದೇ ಆಗ. ಶಾಲೆಯ ಹಾಲ್‌ನಲ್ಲಿ ಕತ್ತಲೆ ಮಾಡಿ ಟೆಲಿಸ್ಕೋಪ್ ಜೋಡಿಸೋದು, ಬಿಚ್ಚೋದು, ಕನ್ನಡಿಗಳನ್ನು ಒಂದೇ ನೇರಕ್ಕೆ ತರೋದು ಇದನ್ನೆಲ್ಲ ಮಾಡಿಸಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಿಮ್ಮನ್ನು ಕೇಳದೆ ಪೂರ್ತಿ ಜೋಡಿಸಿದಳು ಅಂದ್ರೆ ಆ ವರ್ಷ ಸಾರ್ಥಕ.

ಜನ ಬರೋ ರಾತ್ರಿಯ ಲೆಕ್ಕ ಈಗ. ತಿಂಗಳಿಗೆ ಒಂದೇ ರಾತ್ರಿ ಇಡಿ, ತಪ್ಪದೆ ನಡೆಸಿ. ಯಾವ ಶನಿವಾರ ಅಂತ ಪಂಚಾಂಗ ನೋಡಿ ತೀರ್ಮಾನಿಸಿ: ಶುದ್ಧ ಪಂಚಮಿಯಿಂದ ದಶಮಿಯ ಒಳಗೆ ಬರೋ ಶನಿವಾರ ಉತ್ತಮ, ಅಂಥದ್ದು ಇಲ್ಲದ ತಿಂಗಳು ಹತ್ತಿರದ ಇನ್ನೊಂದು ವಾರ. ಅಷ್ಟಮಿಯ ಆಸುಪಾಸು ಚಂದ್ರ ಸಂಜೆ ನೆತ್ತಿ ಮೇಲಿರ್ತಾನೆ, ಬೆಳಕು ಕತ್ತಲೆಯ ಗೆರೆಯಲ್ಲಿ ಗುಂಡಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತೆ. ಹುಣ್ಣಿಮೆ ದಿನ ನೆರಳೇ ಇರಲ್ಲ, ಸುಣ್ಣ ಬಳಿದ ಹಾಗೆ ಕಾಣುತ್ತೆ. ಜನಕ್ಕೆ ಹುಣ್ಣಿಮೆಯೇ ಒಳ್ಳೆಯದು ಅಂತ ಇರುತ್ತೆ, ಒಪ್ಪಬೇಡಿ. ಅಮಾವಾಸ್ಯೆಯ ವಾರ ಸಂಘದವರಿಗೇ ಇರಲಿ.

ಏನು ತೋರಿಸಬೇಕು? ಚಂದ್ರ, ಗುರು, ಶನಿ, ಕೃತ್ತಿಕೆ, ಮೃಗಶಿರದ ನೀಹಾರಿಕೆ. ಶನಿಯ ಉಂಗುರಗಳು 2025ರಲ್ಲಿ ನಮಗೆ ಅಂಚಾಗಿ ತಿರುಗಿ ಗೆರೆಯಷ್ಟೇ ಆಗಿದ್ದವು. ಇನ್ನು ವರ್ಷ ವರ್ಷ ಅಗಲವಾಗುತ್ತಾ 2032ರ ಹೊತ್ತಿಗೆ ಪೂರ್ತಿ ತೆರೆದುಕೊಳ್ಳುತ್ತವೆ, ನಿಮ್ಮದು ಒಳ್ಳೆ ಸಮಯ. ಗ್ಯಾಲಕ್ಸಿಗಳ ಆಸೆ ಹುಟ್ಟಿಸಬೇಡಿ. ಮೊಬೈಲಿನಲ್ಲಿ ಬಣ್ಣದ ಫೋಟೋ ನೋಡಿ ಬಂದವರಿಗೆ ಐಪೀಸ್‌ನಲ್ಲಿ ಒಂದು ಬೂದಿ ಮಚ್ಚೆ ಕಂಡರೆ ಬೇಜಾರಾಗುತ್ತೆ.

ಐಪೀಸ್ ಹತ್ತಿರ ನಿಂತು ಸ್ವಲ್ಪ ಹೊತ್ತು ಜನರನ್ನು ಗಮನಿಸಿ. ಮೊದಲ ಸಲ ನೋಡೋರು ಕೊಳವೆ ಹಿಡಿದುಕೊಳ್ತಾರೆ, ಅದು ಅಲ್ಲಾಡಿ ಗ್ರಹ ಓಡಿ ಹೋಗುತ್ತೆ. ಆಮೇಲೆ ನೋಡಬೇಕಾದ ಕಣ್ಣನ್ನೇ ಮುಚ್ಚಿಕೊಳ್ತಾರೆ. "ಕಾಣ್ತಿದೆಯಾ?" ಅಂದ್ರೆ ಮುಜುಗರಕ್ಕೆ "ಹೌದು ಸರ್, ಚೆನ್ನಾಗಿದೆ" ಅಂದು ಹೋಗಿಬಿಡ್ತಾರೆ. ಆದ್ದರಿಂದ ಹಾಗೆ ಕೇಳಬೇಡಿ. "ಉಂಗುರ ಯಾವ ಕಡೆ ವಾಲಿದೆ?", "ಗುರುವಿನ ಪಕ್ಕ ಎಷ್ಟು ಚುಕ್ಕಿ ಇವೆ?" ಅಂತ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಕಂಡಿಲ್ಲ ಅಂತ ಅರ್ಥ. ಪಕ್ಕದಲ್ಲಿ ಬೆನ್ನು ಇರೋ ಒಂದು ಕುರ್ಚಿ ಇಡಿ, ಹಿಡಿಯೋಕೆ ಏನಾದರೂ ಸಿಕ್ಕರೆ ಕೈ ಟೆಲಿಸ್ಕೋಪಿಗೆ ಹೋಗಲ್ಲ. ಮಕ್ಕಳಿಗೆ ಎರಡು ಮೆಟ್ಟಿಲಿನ ಗಟ್ಟಿ ಸ್ಟೂಲ್ ಬೇಕು.

ಒಂದು ರಾತ್ರಿಗೆ ನಾಲ್ಕು ಜನ ಸಾಕು. ಟೆಲಿಸ್ಕೋಪ್‌ಗೆ ಒಬ್ಬೊಬ್ಬರು, ಸಾಲಿನಲ್ಲಿ ನಿಂತವರಿಗೆ ಬರಿಗಣ್ಣಿನ ಆಕಾಶ ತೋರಿಸೋಕೆ ಒಬ್ಬರು, ಗೇಟಿನಲ್ಲಿ ಹೆಸರು ಬರೆದುಕೊಳ್ಳೋಕೆ ಒಬ್ಬರು. ಹಸಿರು ಲೇಸರ್ ಬಳಸೋದಾದರೆ ಐದು ಮಿಲಿವಾಟ್ ದಾಟಬಾರದು, ಮಕ್ಕಳ ಕೈಗೆ ಕೊಡಬಾರದು, ವಿಮಾನ ಕಂಡರೆ ಆರಿಸಿಬಿಡಬೇಕು. ಹಾದಿಗೆ ಕೆಂಪು ಕಾಗದ ಸುತ್ತಿದ ದೀಪ, ಶೌಚಾಲಯದ ಬೀಗ ತೆಗೆದಿರಬೇಕು, ಕೊನೆ ಬಸ್ಸಿಗೆ ಮೊದಲು ಕಾರ್ಯಕ್ರಮ ಮುಗೀಬೇಕು. ಹೆಣ್ಣುಮಕ್ಕಳು ಮನೆಯವರೊಟ್ಟಿಗೆ ಎರಡನೇ ಸಲ ಬರ್ತಾರಾ ಇಲ್ವಾ ಅನ್ನೋದನ್ನು ಟೆಲಿಸ್ಕೋಪಿನ ಇಂಚಿಗಿಂತ ಇವೇ ತೀರ್ಮಾನಿಸುತ್ತವೆ.

ಯಾರಾದರೂ "ನನ್ನ ರಾಶಿ ತೋರಿಸಿ" ಅಂದೇ ಅಂತಾರೆ. ವಾದಕ್ಕೆ ಇಳಿಯಬೇಡಿ, ತೋರಿಸಿ. ವೃಶ್ಚಿಕದ ಕೊಂಡಿ, ಸಿಂಹದ ಕೊರಳು ಕಂಡ ಮೇಲೆ ಆ ನಕ್ಷತ್ರಗಳು ಒಂದಕ್ಕೊಂದು ಎಷ್ಟು ದೂರ ಅಂತ ಹೇಳಿ. ಮುಂದಿನದನ್ನು ಅವರೇ ಯೋಚಿಸ್ತಾರೆ. ಗ್ರಹಣ ಬಂದಾಗಂತೂ ನಿಮ್ಮ ಸಂಘಕ್ಕೆ ಕೆಲಸವೋ ಕೆಲಸ. 1980ರ ಫೆಬ್ರವರಿ 16ರಂದು ನಿಮ್ಮದೇ ಜಿಲ್ಲೆಯ ಅಂಕೋಲಾದ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಗಿತ್ತು. ಬಹಳ ಜನ ಕಿಟಕಿ ಬಾಗಿಲು ಹಾಕಿಕೊಂಡು ಒಳಗಿದ್ದರು. ಅವತ್ತು ಹೊರಗೆ ಬಂದು ನೋಡಿದ ಹಿರಿಯರು ನಿಮ್ಮ ಕಡೆ ಇನ್ನೂ ಸಿಗ್ತಾರೆ, ಒಂದು ಸಂಜೆ ಅವರನ್ನು ಕರೆಸಿ ಮಾತಾಡಿಸಿ.

ಕಾಗದಪತ್ರದ ವಿಷಯ ಬೇಗ ಮುಗಿಸ್ತೇನೆ. ದಾನಿಯ ಹಣ ಯಾರದೋ ಖಾತೆಗೆ ಬರಬಾರದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ನೋಂದಾಯಿಸಿ, ಇಬ್ಬರ ಸಹಿಯ ಖಾತೆ ತೆರೆಯಿರಿ. ಜಾಗದ ಬಗ್ಗೆ ಆಡಳಿತ ಮಂಡಳಿಯ ಹತ್ತಿರ ಬರಹದಲ್ಲಿ ಒಪ್ಪಿಗೆ ತಗೊಳ್ಳಿ: ರಾತ್ರಿ ಪ್ರವೇಶ, ಕರೆಂಟ್, ಮುಂದೆ ಶಾಲೆಗೆ ಹೊಸ ಕಟ್ಟಡ ಬಂದರೆ ಏನು, ನೀವು ವರ್ಗವಾದರೆ ಏನು. ಈಗಿನ ಮುಖ್ಯೋಪಾಧ್ಯಾಯರು ಎಷ್ಟೇ ಒಳ್ಳೆಯವರಿರಲಿ, ಮುಂದಿನವರು ಯಾರೋ. ಬೀಗದ ಕೈ ಮೂರು ಮಾಡಿಸಿ, ಮೂರು ಮನೆಯಲ್ಲಿರಲಿ. ಮೈದಾನದ ಹೈಮಾಸ್ಟ್ ದೀಪ ಆ ಒಂದು ರಾತ್ರಿ ಆರಿಸೋ ಹಾಗೆ ಈಗಲೇ ಮಾತಾಡಿಕೊಳ್ಳಿ.

ಆರು ಲಕ್ಷದಲ್ಲಿ ಕಾಲು ಭಾಗ ಮುಟ್ಟಬೇಡಿ, ಠೇವಣಿ ಇಡಿ. ಬಣ್ಣ, ಚಕ್ರ, ಬಲ್ಬು, ಬ್ಯಾಟರಿ ಎಲ್ಲಾ ಅದರ ಬಡ್ಡಿಯಿಂದ ನಡೀಲಿ. ದಾನಿಗೆ ಇದನ್ನು ಮೊದಲೇ ಹೇಳಿ. ಕಟ್ಟಡದ ಮೇಲೆ ಹೆಸರು ಬೇಕು ಅಂದ್ರೆ ಸಂತೋಷವಾಗಿ ಹಾಕಿ, ಆದರೆ ಉದ್ಘಾಟನೆಗೆ ಖರ್ಚು ಮಾಡೋಣ ಅಂದ್ರೆ ಆ ದುಡ್ಡಿಗೆ ಎರಡು ಒಳ್ಳೆ ಐಪೀಸ್ ಬರುತ್ತೆ ಅಂತ ನೆನಪಿಸಿ.

ಸ್ವಲ್ಪ ಪಳಗಿದ ಮೇಲೆ ಬರೀ ತೋರಿಸೋದರಲ್ಲಿ ನಿಲ್ಲಬೇಡಿ. ಬೆಳಕು ಏರಿಳಿಯೋ ನಕ್ಷತ್ರಗಳನ್ನು ಅಂದಾಜು ಮಾಡಿ ದಾಖಲಿಸೋ ಹವ್ಯಾಸಿಗಳ ಅಂತರರಾಷ್ಟ್ರೀಯ ಸಂಸ್ಥೆಯೊಂದು 1911ರಿಂದ ಇದೆ, ಎಎವಿಎಸ್‌ಒ ಅಂತ. 2019ರ ಕೊನೆಯಲ್ಲಿ ಆರಿದ್ರಾ ನಕ್ಷತ್ರ ಮಂಕಾಗ್ತಾ ಹೋಗಿ, 2020ರ ಫೆಬ್ರವರಿಯಲ್ಲಿ ಬರಿಗಣ್ಣಿಗೇ ಗೊತ್ತಾಗುವಷ್ಟು ಕುಗ್ಗಿತ್ತು. ಆಗ ಟೆಲಿಸ್ಕೋಪ್ ಇಲ್ಲದವರ ಅಂದಾಜುಗಳೂ ಆ ದಾಖಲೆಗೆ ಸೇರಿದವು. ನಿಮ್ಮ ಮಕ್ಕಳೂ ಇದನ್ನು ಮಾಡಬಹುದು. ಬೆಂಗಳೂರಿನಲ್ಲಿ 1976ರಿಂದ ಹವ್ಯಾಸಿಗಳ ಸಂಘ ಇದೆ, ಉಡುಪಿಯಲ್ಲೂ ಪೂರ್ಣಪ್ರಜ್ಞ ಕಾಲೇಜಿನ ಸಂಘ ಇದೆ. ಕಟ್ಟೋಕೆ ಮೊದಲು ಅವರಲ್ಲಿ ಒಬ್ಬರನ್ನು ಕರೆಸಿ ಜಾಗ ತೋರಿಸಿ.

ಟಿಕೆಟ್? ಬೇಡ. ಟಿಕೆಟ್ ಇಟ್ಟ ದಿನವೇ ಮೋಡ ಬರುತ್ತೆ, ದುಡ್ಡು ವಾಪಸ್ ಕೊಡೋ ಜಗಳ ಶುರುವಾಗುತ್ತೆ. ಗೇಟಿನ ಹತ್ತಿರ ಒಂದು ಡಬ್ಬಿ ಇಡಿ. ಹುಂಡಿ ಅಂತ ಮಾತ್ರ ಬರೀಬೇಡಿ, ಜನ ಶನಿಗೆ ಎಣ್ಣೆ ತರೋಕೆ ಶುರು ಮಾಡಿಯಾರು. ಹೊರಗಿನ ಶಾಲೆಗಳು ಬಸ್ಸು ಮಾಡಿಕೊಂಡು ಬೇರೆ ದಿನ ಬರ್ತೀವಿ ಅಂದ್ರೆ ತಲೆಗೆ ಇಷ್ಟು ಅಂತ ತಗೊಳ್ಳಿ, ರಸೀದಿ ಕೊಡಿ. ಮೋಡ ಬಂದ ದಿನಕ್ಕೆ ಹಾಲ್‌ನಲ್ಲಿ ತೋರಿಸೋಕೆ ಅರ್ಧ ಗಂಟೆಯ ಏನಾದರೊಂದು ಯಾವಾಗಲೂ ಸಿದ್ಧ ಇರಲಿ.